ಮೊದಲು ಗಾಳಿ, ಆಮೇಲೆ ಬಂದೂಕು

ಚಿಕ್ಕನರಗುಂದದಂಥ ಊರಿನವರಿಗೆ ಏರ್‌ಗನ್ ಅಂದಕೂಡಲೇ ಕಣ್ಣ ಮುಂದೆ ಬರುವುದು ಜಾತ್ರೆಯ ಬಲೂನ್ ಅಂಗಡಿ. ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನು, ಸರಪಳಿ ಹಾಕಿದ ಎರಡು ಹಳೇ ಬಂದೂಕು, ನಳಿಗೆಯನ್ನು ಮಂಡಿಗೆ ಒತ್ತಿ ಮಡಚಿ ಒಂದು ಪೆಲೆಟ್ ಇಟ್ಟುಕೊಡುವ ಅಂಗಡಿಯಾತ. ನಮ್ಮ ವಾರಿಗೆಯವರಿಗೆ ಗಾಳಿ ಬಂದೂಕಿನ ವಿದ್ಯೆ ಅಲ್ಲಿಗೇ ಮುಗಿದಿತ್ತು. ಗುರಿ ತಪ್ಪಿದರೆ ಕಣ್ಣು ಸರಿಯಿಲ್ಲ ಅಂತಲೋ, ಅಂಗಡಿಯಾತ ನಳಿಗೆ ಸೊಟ್ಟ ಮಾಡಿಟ್ಟಾನೆ ಅಂತಲೋ ಅಂದುಕೊಳ್ಳುತ್ತಿದ್ದೆವು. ಈಗ ಕಾಲ ಬದಲಾಗಿದೆ. ನರಗುಂದ, ರೋಣ, ಗಜೇಂದ್ರಗಡದ ಕಡೆಯ ಹುಡುಗರೂ ಮೊಬೈಲಿನಲ್ಲಿ ಪಿಸಿಪಿ ರೈಫಲ್ಲುಗಳನ್ನು ನೋಡುತ್ತಾರೆ. ಪಿಸಿಪಿ ಅಂದರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಬಂದೂಕು. ಅದನ್ನು ಕೊಳ್ಳಬೇಕೆನ್ನುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಎಷ್ಟು ಪವರ್ ಅದ, ಎಷ್ಟು ದೂರ ಹೊಡೀತದ?’ ಇಷ್ಟು ವರ್ಷ ಈ ವಿಷಯವನ್ನು ಹಿಂಬಾಲಿಸಿದ ಮೇಲೆ ಗಟ್ಟಿಯಾಗಿ ಹೇಳಬಲ್ಲ ಮಾತು ನನ್ನಲ್ಲಿ ಒಂದಿದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಆ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೊದಲ ಪಿಸಿಪಿ ಕೊಳ್ಳುವವನು ನೋಡಬೇಕಾದ್ದು ಎರಡೇ: ಬಂದೂಕು ಪ್ರತಿ ಸಲವೂ ಒಂದೇ ಅಳತೆಯ ಗಾಳಿ ಬಿಡುತ್ತದೆಯೋ ಇಲ್ಲವೋ, ಆ ಗಾಳಿಯನ್ನು ನಮ್ಮ ಊರಲ್ಲೇ ತುಂಬಿಕೊಳ್ಳಲು ಬರುತ್ತದೆಯೋ ಇಲ್ಲವೋ.

ಜಾತ್ರೆಯ ಬಂದೂಕಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ಮೊದಲು ನೋಡೋಣ. ಸ್ಪ್ರಿಂಗ್ ಬಂದೂಕಿನಲ್ಲಿ ನಳಿಗೆ ಮಡಚಿದಾಗ ಒಳಗಿನ ದಪ್ಪ ಸ್ಪ್ರಿಂಗು ಒತ್ತಿಕೊಂಡು ಕೂರುತ್ತದೆ. ಕುದುರೆ ಎಳೆದರೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಪಿಸ್ಟನ್ನು ಗಾಳಿಯನ್ನು ಹಿಂಡುತ್ತದೆ, ಹಿಂಡಿದ ಗಾಳಿ ಪೆಲೆಟ್ಟನ್ನು ಹೊರಗೆ ಎಸೆಯುತ್ತದೆ. ತೊಂದರೆ ಇರುವುದು ಇಲ್ಲೇ. ಪೆಲೆಟ್ಟು ನಳಿಗೆ ಬಿಡುವ ಮುಂಚೆಯೇ ಭಾರವಾದ ಪಿಸ್ಟನ್ನು ಓಡಿ ತಡೆದು ನಿಂತಿರುತ್ತದೆ. ಬಂದೂಕು ಒಮ್ಮೆ ಹಿಂದಕ್ಕೆ, ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಕೈ ಬಿಗಿ ಹಿಡಿದರೆ ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ ಗುರಿ ಹೋಗುತ್ತದೆ. ಪಿಸಿಪಿಯಲ್ಲಿ ಓಡುವ ಪಿಸ್ಟನ್ನೇ ಇಲ್ಲ. ನಳಿಗೆಯ ಕೆಳಗೊಂದು ಚಿಕ್ಕ ಸಿಲಿಂಡರು, ಅದರಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ. ಕುದುರೆ ಎಳೆದಾಗ ಒಂದು ಸಣ್ಣ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ವಾಲ್ವು ಕಣ್ಣು ಮಿಟುಕಿಸುವುದರೊಳಗೆ ತೆರೆದು ಮುಚ್ಚುತ್ತದೆ, ಅಷ್ಟರಲ್ಲಿ ಹೊರಬಿದ್ದ ಗಾಳಿ ಪೆಲೆಟ್ಟನ್ನು ಒಯ್ಯುತ್ತದೆ. ಬಂದೂಕು ಅಲುಗಾಡುವುದೇ ಇಲ್ಲ ಅನ್ನಬಹುದು. ಕಲಿಯುವವನಿಗೆ ಇದರಿಂದ ಸಿಗುವ ದೊಡ್ಡ ಲಾಭವೆಂದರೆ, ತಪ್ಪಾದರೆ ಆ ತಪ್ಪು ತನ್ನದೇ ಎಂದು ಖಚಿತವಾಗಿ ಗೊತ್ತಾಗುತ್ತದೆ. ಉಸಿರು ಹಿಡಿದದ್ದು ತಪ್ಪೋ, ಬೆರಳು ಎಳೆದದ್ದು ತಪ್ಪೋ, ನಿಂತ ಕಾಲು ತಪ್ಪೋ ಎಂದು ಕಾಗದದ ಮೇಲಿನ ತೂತು ನೋಡಿ ತಿದ್ದಿಕೊಳ್ಳಬಹುದು.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಯಂತ್ರವಲ್ಲ. 1780ರ ಸುಮಾರಿಗೆ ಬಾರ್ತೊಲೊಮಿಯೊ ಜಿರಾರ್ಡೋನಿ ಎಂಬ ಕುಶಲಕರ್ಮಿ ಮಾಡಿದ ಗಾಳಿ ಬಂದೂಕನ್ನು ಆಸ್ಟ್ರಿಯಾದ ಸೈನ್ಯ ಬಳಸಿತು. ಅದರ ಹಿಡಿಕೆಯೇ ಗಾಳಿಯ ಗಡಿಗೆ. ಹೊಗೆ ಬರದು, ಮದ್ದು ಬೇಡ, ಬೇಗ ಬೇಗ ಇಪ್ಪತ್ತು ಗುಂಡು ಹೊಡೆಯಬಹುದಿತ್ತು. 1803ರಲ್ಲಿ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಬಳಿಯೂ ಒಂದು ಗಾಳಿ ಬಂದೂಕಿತ್ತು. ಇಷ್ಟು ಒಳ್ಳೆಯ ಆಯುಧ ಸೈನ್ಯದಲ್ಲಿ ಯಾಕೆ ಉಳಿಯಲಿಲ್ಲ? ಒಂದು ಗಡಿಗೆ ತುಂಬಲು ಸುಮಾರು 1500 ಸಲ ಪಂಪು ಒತ್ತಬೇಕಿತ್ತು. ಚರ್ಮದ ವಾಷರುಗಳು ಒಣಗಿ ಸೋರುತ್ತಿದ್ದವು, ರಿಪೇರಿ ಬಲ್ಲವರು ಎಲ್ಲ ಕಡೆ ಸಿಗುತ್ತಿರಲಿಲ್ಲ. ಗುರಿಯಲ್ಲೂ ಬಲದಲ್ಲೂ ಕೊರತೆ ಇರದಿದ್ದರೂ ಗಾಳಿ ತುಂಬುವುದು ಮತ್ತು ತುಂಬಿದ ಗಾಳಿ ಕಾಯುವುದು ಅದಕ್ಕೆ ಮುಳುವಾಯಿತು. ಒಲಿಂಪಿಕ್ಸಿಗೆ ಹತ್ತು ಮೀಟರ್ ಏರ್ ರೈಫಲ್ ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ. ಆಗಿನ ಸ್ಪರ್ಧಾಳುಗಳಲ್ಲಿ ಹಲವರ ಕೈಯಲ್ಲಿ ಇನ್ನೂ ಸ್ಪ್ರಿಂಗಿನವೋ, ಒಂದೇ ಒತ್ತಿಗೆ ಗಾಳಿ ತುಂಬುವವೋ ಇದ್ದವು. ಒಯ್ಯಲು ಹಗುರವಾದ ಸಿಲಿಂಡರು, ನಂಬಬಹುದಾದ ರಬ್ಬರ್ ಓ-ರಿಂಗು, ಗಾಳಿ ತುಂಬುವ ವ್ಯವಸ್ಥೆ ಎಲ್ಲ ಕೂಡಿ ಬಂದ ಮೇಲೆ ಪಿಸಿಪಿ ಎಲ್ಲವನ್ನೂ ಹಿಂದೆ ಹಾಕಿತು. ಇನ್ನೂರು ವರ್ಷದ ಈ ಚರಿತ್ರೆ ಹೇಳುವುದು ಒಂದೇ ಮಾತು: ಈ ಬಂದೂಕಿನ ಹಣೆಬರಹ ಬರೆಯುವುದು ಪಂಪು.

ಆ ಮಾತನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. 150 ಸಿಸಿ ಸಿಲಿಂಡರಿರುವ ಒಂದು ಸಾಧಾರಣ ಪಿಸಿಪಿ ತಗೊಳ್ಳಿ. ಅದನ್ನು 120 ಬಾರ್‌ನಿಂದ 200 ಬಾರ್‌ಗೆ ಏರಿಸಲು ಹೊರಗಿನ ಗಾಳಿ ಸುಮಾರು 12 ಲೀಟರ್ ಬೇಕು. ಕೇಳಲು ಅಲ್ಪ. ಆದರೆ ಅದನ್ನು ತುರುಕಬೇಕಾದ ಒತ್ತಡ ದೊಡ್ಡದು. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಬಸ್ ಸ್ಟ್ಯಾಂಡಿನ ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರು ಎಂಟೋ ಹತ್ತೋ ಬಾರ್ ಮುಟ್ಟಿದರೆ ಹೆಚ್ಚು. 200 ಬಾರ್ ಅದರ ಕೈಗೆಟುಕದ ಮಾತು. ಸಮುದ್ರ ತೀರದ ಊರುಗಳಲ್ಲಿ ಮುಳುಗುಗಾರರ ಸಿಲಿಂಡರಿನಿಂದ ತುಂಬಿಸಿಕೊಳ್ಳುತ್ತಾರೆ; ಎರಿ ಹೊಲದ ನಡುವಿನ ನಮಗೆ ಆ ದಾರಿ ಇಲ್ಲ. ನರಗುಂದದಿಂದ ಹುಬ್ಬಳ್ಳಿ ಐವತ್ತು ಕಿಲೋಮೀಟರಿಗೂ ಮೇಲೆ, ಅಭ್ಯಾಸ ಮಾಡಬೇಕೆನಿಸಿದಾಗಲೆಲ್ಲ ಅಲ್ಲಿಗೆ ಹೋಗಿ ಬರಲಾಗದು. ಆಗ ಕೆಲವರ ತಲೆಯಲ್ಲಿ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರು ಸುಳಿಯುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ: ಆಕ್ಸಿಜನ್ನನ್ನು ಪಿಸಿಪಿಗೆ ಎಂದೂ ತುಂಬಬಾರದು. ಹೆಚ್ಚಿನ ಒತ್ತಡದ ಆಕ್ಸಿಜನ್ನಿಗೆ ಚೂರು ಎಣ್ಣೆ, ಗ್ರೀಸು ತಾಗಿದರೂ ಹೊತ್ತಿಕೊಂಡು ಸಿಡಿಯುತ್ತದೆ, ಕೈ ಹೋಗುತ್ತದೆ, ಜೀವವೂ ಹೋಗಬಹುದು. ಉಳಿಯುವುದು ಎರಡೇ ದಾರಿ. ಮೂರು ಹಂತದ ಕೈಪಂಪು, ಇಲ್ಲವೆ ಹೆಚ್ಚಿನ ಒತ್ತಡಕ್ಕೆಂದೇ ಮಾಡಿದ ಸಣ್ಣ ಕಂಪ್ರೆಸರು. ಕಂಪ್ರೆಸರಿಗೆ ಕರೆಂಟು ಬೇಕು, ಬಿಸಿಯಾದರೆ ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು, ಬೆಲೆಯೂ ಹೆಚ್ಚು. ಮೊದಲ ಬಾರಿ ಕೊಳ್ಳುವವನಿಗೆ ಕೈಪಂಪೇ ಸರಿ. ಆದರೆ ಬಂದೂಕಿಗೆ ಇದ್ದಬದ್ದ ದುಡ್ಡೆಲ್ಲ ಸುರಿದು ಪಂಪನ್ನು ‘ಆಮೇಲೆ ನೋಡೋಣು’ ಅನ್ನುವುದು, ಎತ್ತು ಕೊಂಡು ಮೇವಿಗೆ ದುಡ್ಡಿಡದೆ ಮನೆಗೆ ಹೊಡೆದುಕೊಂಡು ಬಂದ ಹಾಗೆ.

ಕೈಪಂಪೇ ಸರಿ ಎಂದು ಒಪ್ಪಿದರೆ ಬಲದ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಸ್ಪರ್ಧೆಯ ಏರ್ ರೈಫಲ್ಲು 0.53 ಗ್ರಾಂ ತೂಕದ ಚಪ್ಪಟೆ ತಲೆಯ ಪೆಲೆಟ್ಟನ್ನು ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಬಿಟ್ಟರೆ ಅದರ ಶಕ್ತಿ ಸುಮಾರು 8 ಜೂಲ್. ಅದೇ ಪೆಲೆಟ್ಟಿಗೆ 20 ಜೂಲ್ ಕೊಡಬೇಕೆಂದರೆ ವೇಗ 275 ಮೀಟರಿನ ಹತ್ತಿರ ಬರಬೇಕು, ಗಾಳಿ ಸರಿಸುಮಾರು ಎರಡೂವರೆ ಪಟ್ಟು ಖರ್ಚಾಗುತ್ತದೆ. ಅಂದರೆ ಒಂದೇ ಸಿಲಿಂಡರಿನಲ್ಲಿ ಹೊಡೆತಗಳ ಎಣಿಕೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಪಂಪು ಒತ್ತುವ ತೋಳಿಗೆ ಕೆಲಸ ಅಷ್ಟೇ ಹೆಚ್ಚುತ್ತದೆ. ಇಷ್ಟು ಬೆವರು ಸುರಿಸಿ ಪಡೆದ ಬಲ ಹತ್ತು ಮೀಟರಿನಲ್ಲಿ ಯಾವ ಕೆಲಸಕ್ಕೂ ಬಾರದು. ಕಾಗದಕ್ಕೆ ತೂತು ಬೀಳಲು 8 ಜೂಲ್ ಧಾರಾಳ ಸಾಕು. ಅಲ್ಲಿ ನಿಜವಾಗಿ ಬೇಕಾದ್ದು ವೇಗ ಏರುಪೇರಾಗದಿರುವುದು. ಲೆಕ್ಕ ಹಾಕಿ ನೋಡಿ. 175 ಮೀಟರ್ ವೇಗದ ಪೆಲೆಟ್ಟು ಹತ್ತು ಮೀಟರ್ ದಾಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ 16 ಮಿಲಿಮೀಟರ್ ಕೆಳಗಿಳಿದಿರುತ್ತದೆ. ವೇಗ 165ಕ್ಕೆ ಬಿದ್ದರೆ 18 ಮಿಲಿಮೀಟರ್. ಎರಡು ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಗುರಿಕಾಗದದ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರಿನದು. 4.5 ಮಿಲಿಮೀಟರ್ ದಪ್ಪದ ಪೆಲೆಟ್ಟಿನ ಅಂಚಾದರೂ ಆ ಚುಕ್ಕೆಗೆ ತಾಗಬೇಕೆಂದರೆ ಅದರ ನಡು ಎರಡೂವರೆ ಮಿಲಿಮೀಟರಿನೊಳಗೆ ಬೀಳಬೇಕು. ವೇಗದ ಏರುಪೇರೇ ಎರಡು ಮಿಲಿಮೀಟರ್ ತಿಂದುಹಾಕಿದರೆ ಹೊಡೆಯುವವನ ಪಾಲಿಗೆ ಉಳಿಯುವುದು ಅರ್ಧ ಮಿಲಿಮೀಟರ್. ರೆಗ್ಯುಲೇಟರ್ ಇರುವ ರೈಫಲ್ಲನ್ನೇ ಹುಡುಕಿ ಎಂದು ನಾನು ಹೇಳುವುದು ಇದಕ್ಕೇ. ರೆಗ್ಯುಲೇಟರ್ ಇಲ್ಲದ ರೈಫಲ್ಲಿನಲ್ಲಿ ತುಂಬಿದ ಹೊಸದರಲ್ಲಿ ವಾಲ್ವು ಬಿಗಿದುಕೊಂಡು ವೇಗ ಕಡಿಮೆ, ನಡುವೆ ಹೆಚ್ಚು, ಕೊನೆಗೆ ಮತ್ತೆ ಕಡಿಮೆ. ರೆಗ್ಯುಲೇಟರ್ ಇದ್ದರೆ ಸಿಲಿಂಡರಿನ ಒತ್ತಡ ಇಳಿಯುತ್ತಾ ಹೋದರೂ ವಾಲ್ವಿಗೆ ಸಿಗುವ ಒತ್ತಡ ಒಂದೇ ಆಗಿರುತ್ತದೆ.

ಇಲ್ಲಿ ನಮ್ಮ ಕಡೆಯ ರೈತರು ಎತ್ತುವ ಆಕ್ಷೇಪವನ್ನು ಎದುರಿಸಲೇಬೇಕು. ‘ಕಾಗದ ಹೊಡಿಯೂದು ಪ್ಯಾಟಿ ಮಂದಿಗೆ. ನಮಗ ಹೊಲದಾಗ ಚಿಗರಿ ಕಾಟ, ಗಿಣಿ ಕಾಟ, ಮಂಗ್ಯಾನ ಕಾಟ. ಬಲ ಇರೋ ಬಂದೂಕ ಇದ್ರ ಉಪಯೋಗ ಆದೀತು’ ಅನ್ನುತ್ತಾರೆ. ಕಾಟ ಸುಳ್ಳಲ್ಲ. ಹೆಸರು, ಕಡ್ಲಿ ಮೊಳಕೆಯೊಡೆದ ಹೊಲಕ್ಕೆ ಚಿಗರಿ ಹಿಂಡು ಇಳಿದರೆ ಬಿತ್ತಿದ ಬೀಜ, ಗೊಬ್ಬರದ ದುಡ್ಡು ಎರಡೂ ಹೋದವೆಂದೇ ಲೆಕ್ಕ. ಆ ಸಂಕಟಕ್ಕೆ ಪರಿಹಾರ ಬೇಕು, ಬೆಳೆಹಾನಿಗೆ ಸರ್ಕಾರ ಕೊಡುವ ಹಣ ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಆದರೆ ಏರ್ ರೈಫಲ್ಲು ಅದಕ್ಕೆ ಉತ್ತರವಾಗದು. ಚಿಗರಿ, ನವಿಲು ಎರಡೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿಗಳು; ಹೊಡೆದರೆ ಜೈಲು. ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಹಳೆಯ ಐದನೇ ಅನುಸೂಚಿ ಕೂಡ 2022ರ ತಿದ್ದುಪಡಿಯಲ್ಲಿ ಹೋಯಿತು. ಕಾಯ್ದೆ ಬದಿಗಿಟ್ಟು ನೋಡಿದರೂ, ಅರ್ಧ ಗ್ರಾಂ ಸೀಸ ದೊಡ್ಡ ಪ್ರಾಣಿಯನ್ನು ಕೊಲ್ಲದೆ ಗಾಯ ಮಾಡಿ ಬಿಡುತ್ತದೆ. ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಬೆಳೆ ಕಾಯಲು ನಮ್ಮ ಹಿರಿಯರು ಅಟ್ಟಣಿಗೆ ಹಾಕಿ ಕವಣಿ ಬೀಸುತ್ತಿದ್ದರು, ತಮಟೆ ಬಾರಿಸುತ್ತಿದ್ದರು. ಹಕ್ಕಿಗೆ ಬೇಕಾದ್ದು ಹೆದರಿಕೆ, ಅದಕ್ಕೆ ಸದ್ದು ಸಾಕು. ಪಿಸಿಪಿಗೆ ಅಷ್ಟು ಸದ್ದೂ ಇಲ್ಲ! ಹೊಲ ಕಾಯಲು ಇದನ್ನು ಕೊಳ್ಳುತ್ತೇನೆನ್ನುವವನು ತನ್ನ ದುಡ್ಡನ್ನು ತಪ್ಪು ಸಾಮಾನಿನ ಮೇಲೆ ಹಾಕುತ್ತಿದ್ದಾನೆ.

ಬಲದ ಇನ್ನೊಂದು ಮಿತಿ ಶಸ್ತ್ರಾಸ್ತ್ರ ಕಾನೂನಿನದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರಿದ, ಅಥವಾ 4.5 ಮಿಲಿಮೀಟರ್‌ಗಿಂತ ದೊಡ್ಡ ನಳಿಗೆಯ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕು. ಅಂಗಡಿಯವರು ಪಾಯಿಂಟ್ 177 ಅನ್ನುವುದು ಈ 4.5 ಮಿಲಿಮೀಟರಿನದಕ್ಕೆ, ಪಾಯಿಂಟ್ 22 ಅಂದರೆ 5.5 ಮಿಲಿಮೀಟರ್, ಅದು ಲೈಸೆನ್ಸಿನ ಬಾಬತ್ತು. ಸ್ಪ್ರಿಂಗು ಬದಲಿಸಿ, ವಾಲ್ವು ಕೊರೆಸಿ ‘ಪವರ್ ಏರಿಸಿಕೊಡ್ತೀವಿ’ ಅನ್ನುವವರೂ ಸಿಗುತ್ತಾರೆ. ಹಾಗೆ ಮಾಡಿಸಿದ ದಿನವೇ ಕಾನೂನುಬದ್ಧ ಆಟದ ಸಾಮಾನು ಲೈಸೆನ್ಸಿಲ್ಲದ ಆಯುಧವಾಗುತ್ತದೆ. ಆಯುಧ ಮತ್ತು ಕಾನೂನು ಅನ್ನುವ ಮಾತು ನಮ್ಮ ನೆಲಕ್ಕೆ ಹಗುರವಾದದ್ದಲ್ಲ. 1857ರಲ್ಲಿ ಬ್ರಿಟಿಷರು ತಂದ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧವೇ ಹಲಗಲಿಯ ಬೇಡರು ತಿರುಗಿಬಿದ್ದರು. ಅದೇ ಬಿಸಿಯಲ್ಲಿ ನರಗುಂದದ ಅರಸ ಬಾಬಾಸಾಹೇಬ ಎದ್ದುನಿಂತ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ನೇಣಿಗೇರಿಸಿದರು. ಈ ಚರಿತ್ರೆಯನ್ನು ಮುಂದಿಟ್ಟು ‘ಆಯುಧದ ಕಾನೂನು ಮುರಿಯೂದು ನಮ್ಮ ಊರಿನ ಹಕ್ಕು’ ಎಂದು ವಾದಿಸುವವರಿದ್ದಾರೆ. ನನಗೆ ಅದು ಆ ಹಿರಿಯರಿಗೆ ಮಾಡುವ ಅಪಚಾರವಾಗಿ ಕಾಣುತ್ತದೆ. ಅವರು ಎದ್ದದ್ದು ತಮ್ಮನ್ನು ಕೇಳದೆ ಹೇರಿದ ಪರರ ಆಳ್ವಿಕೆಯ ವಿರುದ್ಧ, ನಾವೇ ಆರಿಸಿದವರು ಮಾಡಿದ ನಿಯಮ ಬೇರೆ ಮಾತು. ಈ ನಿಯಮ ಕಲಿಯುವವನಿಗೆ ಅಡ್ಡಿಯನ್ನೂ ಮಾಡುವುದಿಲ್ಲ. ಜಗತ್ತಿನ ಅತ್ಯುತ್ತಮ ಶೂಟರುಗಳು ಒಲಿಂಪಿಕ್ಸಿನಲ್ಲಿ ಹಿಡಿಯುವ ಏರ್ ರೈಫಲ್ಲು ಕೂಡ 4.5 ಮಿಲಿಮೀಟರಿನದೇ, 20 ಜೂಲ್‌ಗಿಂತ ಎಷ್ಟೋ ಕೆಳಗಿನದು.

ಎರಡನೆಯ ಆಕ್ಷೇಪ ರೈತರ ಆ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ‘ಬಜೆಟ್ ಕಡಿಮೆ ಅಂತೀರಿ, ಹಂಗಿದ್ರ ಸ್ಪ್ರಿಂಗಿನದ ಸಾಕಲ್ಲ? ಪಂಪು ಬ್ಯಾಡ, ಓ-ರಿಂಗು ಬ್ಯಾಡ, ಮಡಚಿದ್ರ ಹೊಡಿಬಹುದು.’ ಈ ಮಾತಿನಲ್ಲಿ ನಿಜವಿದೆ. ಬಂದೂಕು, ಪಂಪು, ಪೆಲೆಟ್ಟು ಮೂರಕ್ಕೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಒಂದು ಒಳ್ಳೆಯ ಸ್ಪ್ರಿಂಗ್ ರೈಫಲ್ಲು ಅರ್ಧಂಬರ್ಧ ಪಿಸಿಪಿಗಿಂತ ಸಾವಿರ ಪಾಲು ಮೇಲು. ಸೋರುವ ಪಿಸಿಪಿ ಮೂಲೆ ಸೇರುತ್ತದೆ, ಸ್ಪ್ರಿಂಗಿನದು ಇಪ್ಪತ್ತು ವರ್ಷ ದುಡಿಯುತ್ತದೆ. ನಮ್ಮ ದೇಶದಲ್ಲೇ ತಯಾರಾದ ಐಎಚ್‌ಪಿ ಬಂದೂಕುಗಳು ಎಷ್ಟೋ ಮನೆಗಳಲ್ಲಿ ಒಂದು ತಲೆಮಾರು ಕಂಡಿವೆ. ಆದರೂ ಪಿಸಿಪಿಯ ಪರವಾಗಿ ವಾದಿಸಲು ಕಾರಣವಿದೆ. ಸ್ಪರ್ಧೆಯ ದಾರಿ ಹಿಡಿಯುವ ಹನ್ನೆರಡು ಹದಿಮೂರರ ಹುಡುಗಿಗೆ ಗಟ್ಟಿ ಸ್ಪ್ರಿಂಗು ಮಡಚುವುದೇ ಒಂದು ಕಷ್ಟ. ಅರವತ್ತು ಹೊಡೆತದ ಒಂದು ಸುತ್ತಿನಲ್ಲಿ ಅರವತ್ತು ಸಲ ಮಡಚಿದರೆ ಭುಜ ಸೋತು, ಕೊನೆಯ ಇಪ್ಪತ್ತು ಹೊಡೆತದಲ್ಲಿ ನಿಲುವೇ ಕೆಡುತ್ತದೆ. ಜಗ್ಗಾಟವನ್ನು ಹತೋಟಿಗೆ ತರಲು ಕಲಿತ ಹಿಡಿತವನ್ನು ಮುಂದೆ ಸ್ಪರ್ಧೆಯ ರೈಫಲ್ಲು ಕೈಗೆ ಬಂದಾಗ ಮತ್ತೆ ಬಿಡಿಸಿಕೊಳ್ಳಬೇಕಾಗುತ್ತದೆ. ಅದಕ್ಕೇ ನನ್ನ ತೀರ್ಮಾನ ಹೀಗೆ: ಮನರಂಜನೆಗೆ, ಅಪರೂಪಕ್ಕೊಮ್ಮೆ ಹೊಡೆಯುವವನಿಗೆ ಸ್ಪ್ರಿಂಗಿನದು ಸರಿ, ವಾರಕ್ಕೆ ನಾಲ್ಕು ದಿನ ನಿಂತು ಕಲಿಯುತ್ತೇನೆನ್ನುವವನು ಒಂದು ವರ್ಷ ತಡವಾದರೂ ಚಿಂತೆಯಿಲ್ಲ, ದುಡ್ಡು ಕೂಡಿಟ್ಟು ಪಿಸಿಪಿಯನ್ನೇ ಕೊಳ್ಳಲಿ.

ಕೊಳ್ಳುವಾಗ ಹೊಸದೋ ಹಳೆಯದೋ ಎಂಬ ಪ್ರಶ್ನೆ ಬರುತ್ತದೆ. ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್ ಮುಂತಾದ ಜರ್ಮನ್ ಸ್ಪರ್ಧಾ ರೈಫಲ್ಲುಗಳು ಹೊಸವಾದರೆ ಲಕ್ಷಗಟ್ಟಲೆ. ಭಾರತದಲ್ಲೇ ಪ್ರೆಸಿಹೋಲ್‌ನಂಥ ತಯಾರಕರು ಪಿಸಿಪಿ ಮಾಡುತ್ತಾರೆ, ಅವು ಅದಕ್ಕಿಂತ ಎಷ್ಟೋ ಅಗ್ಗ. ಮೊದಲ ಬಂದೂಕಿಗೆ ನಾನು ದೇಶೀಯವನ್ನೇ ಮುಂದೆ ಮಾಡುತ್ತೇನೆ, ಕಾರಣ ಬೆಲೆಯಷ್ಟೇ ಅಲ್ಲ. ಓ-ರಿಂಗು ಸವೆದಾಗ, ವಾಲ್ವು ಸೋರಿದಾಗ ಬಿಡಿಭಾಗ ಕೊರಿಯರಿನಲ್ಲಿ ನಾಲ್ಕು ದಿನಕ್ಕೆ ಬರಬೇಕು. ವಿದೇಶದಿಂದ ತರಿಸುತ್ತಾ ಕೂತರೆ ಹಂಗಾಮು ಕಳೆಯುತ್ತದೆ. ಕ್ಲಬ್ಬಿನ ಹಿರಿಯ ಶೂಟರುಗಳು ಬಳಸಿ ಬಿಟ್ಟ ಸ್ಪರ್ಧಾ ರೈಫಲ್ಲು ಸಿಕ್ಕರೆ ಅದು ಒಳ್ಳೆಯ ವ್ಯಾಪಾರವೇ. ಆದರೆ ಕಣ್ಣು ಮೊದಲು ಹೋಗಬೇಕಾದ್ದು ಸಿಲಿಂಡರಿನ ಮೈಮೇಲೆ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತಾರೆ. ಈ ಕಂಪನಿಗಳು ತಮ್ಮ ಅಲ್ಯೂಮಿನಿಯಂ ಸಿಲಿಂಡರುಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ ಹೇಳುತ್ತವೆ. ಒಂಬತ್ತು ವರ್ಷದ ಸಿಲಿಂಡರಿರುವ ರೈಫಲ್ಲನ್ನು ಅಗ್ಗಕ್ಕೆ ಕೊಂಡರೆ ಮರುವರ್ಷವೇ ಹೊಸ ಸಿಲಿಂಡರಿನ ಖರ್ಚು ಕಾದಿರುತ್ತದೆ, ಅದನ್ನೂ ಕೂಡಿಸಿ ಬೆಲೆ ಕಟ್ಟಬೇಕು. ಆಮೇಲೆ ಪೂರ್ತಿ ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಮೀಟರಿನ ಮುಳ್ಳು ಎದ್ದು ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಗಾಳಿ ತುಂಬುವ ಬಾಯಿಗೆ ಮುಚ್ಚಳ ಇದೆಯೋ ನೋಡಿ. ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿನಂಥದು, ಒಂದು ಚಿಟಿಕೆ ಒಳಗೆ ಹೋದರೂ ಓ-ರಿಂಗಿನ ಅಂಚನ್ನು ಗೀರಿಬಿಡುತ್ತದೆ. ಮಳೆಗಾಲದ ಹಸಿ ಗಾಳಿಯನ್ನು ಒತ್ತಿದಾಗ ನೀರು ಇಳಿಯುತ್ತದೆ, ಅದಕ್ಕೆ ಪಂಪಿನಲ್ಲಿ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು. ಒಳಭಾಗಕ್ಕೆ ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಡಬಾರದು. ಸಿಲಿಕೋನ್ ಗ್ರೀಸು ಮಾತ್ರ.

ದುಡ್ಡಿನ ಹಂಚಿಕೆಗೆ ನಾನು ಒಪ್ಪುವ ಲೆಕ್ಕ ಸರಳ. ಕೈಯಲ್ಲಿರುವುದನ್ನು ಹತ್ತು ಪಾಲು ಮಾಡಿ. ಐದು ಪಾಲು ರೈಫಲ್ಲಿಗೆ, ಎರಡು ಪಾಲು ಪಂಪಿಗೆ, ಎರಡು ಪಾಲು ಪೆಲೆಟ್ಟಿಗೆ, ಒಂದು ಪಾಲು ಓ-ರಿಂಗು, ಗುರಿಕಾಗದ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಕಣ್ಣಿಗೆ ಹಾಕುವ ಕನ್ನಡಕಕ್ಕೆ. ಪೆಲೆಟ್ಟಿಗೆ ಅಷ್ಟೊಂದಾ ಎಂದು ಹುಬ್ಬೇರಿಸುವವರು ಎಣಿಸಿ ನೋಡಲಿ: ಐನೂರು ಪೆಲೆಟ್ಟಿನ ಒಂದು ಡಬ್ಬಿ ಅರವತ್ತು ಹೊಡೆತದ ಒಂಬತ್ತು ಸುತ್ತಿಗೂ ಪೂರಾ ಬರುವುದಿಲ್ಲ. ಕಲಿಕೆ ಆಗುವುದು ಹೊಡೆದ ಪೆಲೆಟ್ಟಿನಲ್ಲೇ. ಈ ಲೆಕ್ಕದಲ್ಲಿ ದುರ್ಬೀನಿಗೆ ಜಾಗವಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಅಗ್ಗದ ದುರ್ಬೀನುಗಳು ದೂರದ ಗುರಿಗೆ ಹೊಂದಿಸಿದವು, ಹತ್ತು ಮೀಟರಿನಲ್ಲಿ ಮಸುಕಾಗಿ ಕಾಣುತ್ತವೆ. ಶಾಲಾ ಕ್ರೀಡಾಕೂಟಗಳಲ್ಲಿ ಓಪನ್ ಸೈಟ್, ಪೀಪ್ ಸೈಟ್ ಎಂದು ಬೇರೆ ಬೇರೆ ವಿಭಾಗಗಳಿವೆ. ಬಂದೂಕಿನ ಜೊತೆ ಬಂದ ಕಬ್ಬಿಣದ ಗುರಿಯಲ್ಲೇ ಕಲಿತವನಿಗೆ ಅಲ್ಲಿ ಬಾಗಿಲು ತೆರೆದಿರುತ್ತದೆ. ಜಾಗಕ್ಕೂ ದುಡ್ಡು ಬೇಡ. ನಮ್ಮ ಮೇಲ್ಮುದ್ದಿ ಮನೆಗಳ ಪಡಸಾಲೆಯಿಂದ ಹಿತ್ತಿಲವರೆಗೆ ಹತ್ತು ಮೀಟರ್ ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರಕ್ಕಿರಬೇಕು, ಹಿಂದೆ ದಪ್ಪ ಮಣ್ಣಿನ ಗೋಡೆ ಇರಬೇಕು. ನಿಂತವನಿಗೂ ಗುರಿಗೂ ನಡುವೆ ಯಾವ ಬಾಗಿಲೂ ತೆರೆದುಕೊಳ್ಳುವಂತಿರಬಾರದು. ಪೆಲೆಟ್ಟು ಸೀಸದ್ದು, ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೇ ರೊಟ್ಟಿ ಮುರಿಯಬೇಕು.

ಕೊನೆಯದಾಗಿ ಎರಡು ಆಕ್ಷೇಪ ಉಳಿದಿವೆ, ಎರಡೂ ಗೌರವಕ್ಕೆ ತಕ್ಕವು. ಏರ್‌ಗನ್ನು ಊರೊಳಗೆ ಬಂದರೆ ಹಕ್ಕಿ ಸಾಯುತ್ತವೆ, ಮಕ್ಕಳ ಕಣ್ಣು ಹೋಗುತ್ತವೆ ಅನ್ನುವುದು ಒಂದು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನವೇ ನಡೆಯಿತು. ಹಕ್ಕಿಗಳ ಉಳಿವಿಗಾಗಿ ಜನ ಸಾವಿರಕ್ಕೂ ಹೆಚ್ಚು ಬಂದೂಕು ತಂದೊಪ್ಪಿಸಿದರು. ಆ ಜನರಿಗೆ ನನ್ನ ನಮಸ್ಕಾರ. ನಮ್ಮ ಜಿಲ್ಲೆಯಲ್ಲೂ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿ ಸೇರಿತು. ಅಂಥ ನಾಡಿನಲ್ಲಿ ಬಂದೂಕು ಹೊಲಕ್ಕೆ, ಕೆರೆಗೆ ಹೋಗಲೇಬಾರದು. ಗುರಿಕಾಗದದ ಮುಂದೆ ಮಾತ್ರ ಎತ್ತುವುದು, ಬಂದೂಕು ಬೀರುವಿನಲ್ಲಿ ಬೀಗದೊಳಗೆ, ಪೆಲೆಟ್ಟು ಬೇರೆ ಕಡೆ, ಹಿರಿಯರಿಲ್ಲದೆ ಮಕ್ಕಳ ಕೈಗೆ ಕೊಡದಿರುವುದು, ಇವಕ್ಕೆ ಒಪ್ಪದವನು ಕೊಳ್ಳುವುದೇ ಬೇಡ. ಕಡಿಮೆ ಬಲದ ರೈಫಲ್ಲನ್ನು ನಾನು ಎತ್ತಿಹಿಡಿಯಲು ಇದೂ ಒಂದು ಕಾರಣ. ಇನ್ನೊಂದು ಆಕ್ಷೇಪ, ಇದು ಶ್ರೀಮಂತರ ಆಟ, ಮಹದಾಯಿ ನೀರಿಗಾಗಿ 2015ರಿಂದ ಬೀದಿಯಲ್ಲಿ ಕೂತ ನರಗುಂದ ಸೀಮೆಯ ರೈತರ ಮಕ್ಕಳಿಗೆ ಯಾಕೆ ಎಂಬುದು. ನನಗೆ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ನೆನಪಾಗುತ್ತಾರೆ. ರೈಫಲ್ಲಿನ ಭಾರ ಹೊರಲಾಗದ, ಸ್ಟ್ಯಾಂಡಿನ ಮೇಲಿಟ್ಟು ಹೊಡೆಯುವವರ ವಿಭಾಗದಲ್ಲಿ ಅವರು 2022ರಲ್ಲಿ ಫ್ರಾನ್ಸಿನ ಪ್ಯಾರಾ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿಗೆ ಹೋದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯವರು, ನಮ್ಮ ಬೆಳಗಾವಿಯ ನೆರೆಯವರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಏರ್ ರೈಫಲ್ ಬೆಳ್ಳಿ ಗೆದ್ದಾಗ ಇನ್ನೂ ಹದಿಹರೆಯದವರು. ಈ ಆಟ ಎತ್ತರದ ಆಳು, ದಪ್ಪನೆಯ ತೋಳು ಕೇಳುವುದಿಲ್ಲ. ಸ್ಥಿರವಾಗಿ ನಿಲ್ಲುವುದನ್ನು, ಬೇಸರವಿಲ್ಲದೆ ಅದನ್ನೇ ಮಾಡುವುದನ್ನು ಕೇಳುತ್ತದೆ. ಮಳೆಗಾಗಿ ಮುಗಿಲು ನೋಡುತ್ತಾ ವರ್ಷ ವರ್ಷ ಕಾಯುವ ಮನೆಗಳ ಮಕ್ಕಳಿಗೆ ಆ ತಾಳ್ಮೆ ಹೊಸದಾಗಿ ಕಲಿಸಬೇಕಿಲ್ಲ.

ಆದ್ದರಿಂದ ಮೊದಲ ಪಿಸಿಪಿ ಕೊಳ್ಳಲು ಹೊರಟವರಲ್ಲಿ ನನ್ನ ಅರಿಕೆ ಇಷ್ಟು. 4.5 ಮಿಲಿಮೀಟರ್, 20 ಜೂಲ್‌ಗಿಂತ ಸಾಕಷ್ಟು ಕೆಳಗೆ, ಒಂದೊಂದೇ ಪೆಲೆಟ್ ಹಾಕುವಂಥ, ರೆಗ್ಯುಲೇಟರ್ ಇರುವ, ಬಿಡಿಭಾಗ ದೇಶದೊಳಗೇ ಸಿಗುವ ರೈಫಲ್ಲನ್ನು ಹುಡುಕಿ. ಅಂಗಡಿಯವರನ್ನು ‘ಎಷ್ಟು ಪವರ್’ ಎಂದು ಕೇಳುವ ಮುಂಚೆ ‘ಒಮ್ಮೆ ತುಂಬಿದರೆ ಒಂದೇ ವೇಗದ ಹೊಡೆತ ಎಷ್ಟು, ಸೋರಿದರೆ ಸರಿಮಾಡುವವರು ಯಾರು’ ಎಂದು ಕೇಳಿ. ಬಿಲ್ಲು ಇಲ್ಲದೆ ಕೊಳ್ಳಬೇಡಿ, ನಿಮ್ಮ ಗುರುತಿನ ಚೀಟಿ ಕೊಟ್ಟು ಕೊಳ್ಳಿ. ಒಬ್ಬರಿಗೇ ಭಾರವಾದರೆ ನಾಲ್ಕು ಮನೆಯವರು ಕೂಡಿ ಒಂದು ಪಂಪು ತನ್ನಿ. ಮುಯ್ಯಿ ಆಳಿನಲ್ಲಿ ರಾಶಿ ಮಾಡುವ ಊರಿಗೆ ಇದು ಹೊಸ ಪದ್ಧತಿಯಲ್ಲ. ಗರಡಿಮನೆ ಇರುವ ಊರುಗಳು ಅದರ ಒಂದು ಗೋಡೆಯನ್ನು ಹತ್ತು ಮೀಟರ್ ಗುರಿಗೆ ಬಿಟ್ಟುಕೊಡಲಿ. ಪ್ರೌಢಶಾಲೆಗಳ ದೈಹಿಕ ಶಿಕ್ಷಕರು ತಾಲ್ಲೂಕಿಗೊಂದಾದರೂ ಹೆಚ್ಚಿನ ಒತ್ತಡದ ಕಂಪ್ರೆಸರು ಕೊಡಿ ಎಂದು ಕ್ರೀಡಾ ಇಲಾಖೆಯನ್ನು ಕೇಳಲಿ. ಅದೊಂದು ಬಂದರೆ ನರಗುಂದ ಸೀಮೆಯ ಮಕ್ಕಳು ಗಾಳಿಗಾಗಿ ಹುಬ್ಬಳ್ಳಿ ಬಸ್ಸು ಕಾಯಬೇಕಾಗಿಲ್ಲ.